ಕೇಳದಿದ್ದರೆ ಹೇಳಬೇಕಿಲ್ಲವೆ?

ನಮ್ಮಲ್ಲಿ ಹಳೇ ಕಾರು ನೋಡಲು ಯಾರೂ ಒಬ್ಬರೇ ಹೋಗುವುದಿಲ್ಲ. ಮುದನಾಳದಿಂದ ಯಾದಗಿರಿಗೋ ಶಹಾಪುರಕ್ಕೋ ಹೊರಟರೆ ಜೊತೆಗೊಬ್ಬ ಮೇಸ್ತ್ರಿ, ಒಬ್ಬ ಡ್ರೈವರ್, ಮಾತು ಬಲ್ಲ ಒಬ್ಬ ಹಿರಿಯ. ರೊಕ್ಕ ಒಬ್ಬನ ಕಿಸೆಯಲ್ಲಿ, ಅಂಜಿಕೆ ನಾಲ್ಕೂ ಮಂದಿಯಲ್ಲಿ. ಮಾರುವವನು ಮೊದಲು ಗಾಡಿ ತೋರಿಸುವುದಿಲ್ಲ, ನಮ್ಮನ್ನು ನೋಡುತ್ತಾನೆ. 'ಯಾವೂರು? ಯಾರ ಪೈಕಿ?' ಆಮೇಲೆ, 'ಗಾಡಿ ಬಂಗಾರದಂಗ ಅದ, ಒಯ್ಯಿರಿ.'

ಬಂಗಾರವಾದರೆ ಮಾರುವುದು ಯಾಕ? ಇಂಥದೇ ಅನುಮಾನ ಹಿಡಿದು ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೇ ಕಾರುಗಳ ಪೇಟೆ ಕುರಿತು ಬರೆದ. 2001ರಲ್ಲಿ ನೊಬೆಲ್ ಹಂಚಿಕೊಂಡ. ಗಾಡಿಯ ಕೊರತೆ ಮಾರುವವನಿಗೆ ಗೊತ್ತು, ಕೊಳ್ಳುವವನಿಗಿಲ್ಲ. ಅಂಜಿದವನು ಎಲ್ಲ ಗಾಡಿಗೂ ಕಡಿಮೆ ಬೆಲೆ ಹೇಳುತ್ತಾನೆ. ಆ ಬೆಲೆಗೆ ಒಳ್ಳೇ ಗಾಡಿಯವನು ಮಾರಲೊಲ್ಲ. ಪೇಟೆಯಲ್ಲಿ ಉಳಿಯುವುದು ಕೆಟ್ಟದ್ದೇ. ಒಬ್ಬನ ಸುಳ್ಳಿಗೆ ನಿಜ ಹೇಳುವವನು ದಂಡ ತೆರುತ್ತಾನೆ. ದನದ ಸಂತೆಯಲ್ಲಿ ಟವೆಲಿನೊಳಗೆ ಬೆರಳು ಹಿಡಿದು ವ್ಯಾಪಾರ ಮಾಡಿದ ನಮ್ಮ ಮುತ್ಯಾಗಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಆದರೆ ಎತ್ತಿಗೆ ಹಲ್ಲಿತ್ತು, ಬಾಯಿ ತೆರೆದು ಎಣಿಸಬಹುದಿತ್ತು. ಕಾರಿನ ಕಿಲೋಮೀಟರ್ ಲೆಕ್ಕವನ್ನು ಹಿಂದಕ್ಕೆ ತಿರುಗಿಸುತ್ತಾರೆ.

ಹಾಗಂತ ಕಾರು ಪೂರ್ತಿ ಮೂಕವಲ್ಲ. ಇಂಜಿನ್ ತಣ್ಣಗಿರುವಾಗಲೇ ಚಾಲೂ ಮಾಡಿಸಬೇಕು. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಾಗಿಲಿನ ರಬ್ಬರ್ ಎಬ್ಬಿಸಿದರೆ ಹಳೇ ಬಣ್ಣ ಕಾಣುತ್ತದೆ. ಆರ್.ಸಿ.ಯಲ್ಲಿ ಫೈನಾನ್ಸಿನ ಹೆಸರಿದ್ದರೆ ಸಾಲ ತೀರಿದ ಕಾಗದ ಬೇಕು. 29, 30ನೇ ಫಾರ್ಮ್ ತುಂಬಿ ಹೆಸರು ಬದಲಾಗುವ ತನಕ ವ್ಯಾಪಾರ ಮುಗಿದಿಲ್ಲ. ಅಪಘಾತವಾದರೆ ಪರಿಹಾರದ ಹೊಣೆ ದಾಖಲೆಯಲ್ಲಿ ಹೆಸರಿದ್ದವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟು ಕೇಳಲಿಕ್ಕೂ ಎದೆ ಬೇಕು ಗೆಳೆಯರೆ. ಕೊಟ್ಟದ್ದನ್ನು ತಲೆಬಾಗಿ ಇಸಕೊಂಡ ಕೈ ಬಾನೆಟ್ ಎತ್ತಿ ನೋಡಿದರೆ ಅದನ್ನು ಸೊಕ್ಕು ಅನ್ನುವವರಿದ್ದಾರೆ. 1929ರಲ್ಲಿ ಚಾಳೀಸಗಾಂವದ ಟಾಂಗಾದವರು ಬ್ಯಾರಿಸ್ಟರ್ ಅಂಬೇಡ್ಕರರನ್ನು ಕೂಡಿಸಿಕೊಂಡು ಹೋಗಲು ಒಪ್ಪಲಿಲ್ಲ. ಟಾಂಗಾ ಹೊಡೆದು ಗೊತ್ತಿಲ್ಲದ ಕೇರಿಯವನೊಬ್ಬ ಹೊಡೆದ; ಬಾಬಾಸಾಹೇಬರು ಬಿದ್ದು ಕಾಲು ಮುರಿಯಿತು. ನಮಗೆ ಗಾಡಿ ಬರೀ ಗಾಡಿಯಲ್ಲ.

ಈಗ ಖರೇ ಪ್ರಶ್ನೆ. ಮೋಸ ಹೋಗಿ ಕೊಂಡದ್ದನ್ನು ನಾವು ಮಾರುವ ದಿನ ಬಂದರೆ? ಗೇರ್ ಬಾಕ್ಸ್ ಸವೆದದ್ದು ನಮಗೆ ಗೊತ್ತು. ಕೊಳ್ಳಲು ಬಂದವನು ಸುರಪುರದ ಕಡೆಯ ಕೂಲಿಯೊಬ್ಬನ ಮಗ. 'ನಮಗ್ಯಾರು ಹೇಳಿದ್ರು? ಕೇಳಿದ್ರ ಹೇಳೋಣ, ಇಲ್ಲಾಂದ್ರ ನಾವ್ಯಾಕ ಹೇಳಬೇಕು?' ಈ ಮಾತಿನಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಆದರೆ ಮೋಸ ಮಾಡಿದವನೊಬ್ಬ, ದಂಡ ತೆರುವವನು ಇನ್ನೊಬ್ಬ. ಮೇಲಾಗಿ, ಮನುಷ್ಯ ತನಗೆ ಗೊತ್ತಿದ್ದನ್ನಷ್ಟೇ ಕೇಳಬಲ್ಲ. ಗೇರ್ ಬಾಕ್ಸ್ ಎಲ್ಲಿದೆ ಅಂತಲೇ ಅರಿಯದವನು ಏನು ಕೇಳಿಯಾನು? ಅಕ್ಷರ ಬಚ್ಚಿಟ್ಟುಕೊಂಡವರ ಮೇಲೆ ನಮ್ಮ ತಕರಾರು ಇದೇ ಅಲ್ಲವೆ, ಗೊತ್ತಿದ್ದವರು ಗೊತ್ತಿಲ್ಲದವರ ಮೇಲೆ ಬದುಕಿದರು ಎಂಬುದು?

ಹೇಳಿದರೆ ಹತ್ತು ಸಾವಿರ ಕಡಿಮೆ ಬಂದೀತು. ನಮ್ಮಂಥವರಿಗೆ ಅದು ಮೂರು ತಿಂಗಳ ಕಿರಾಣಿ. ಗೊತ್ತಿದ್ದೇ ಅಷ್ಟನ್ನು ಬಿಟ್ಟು, ಗೇರಿನ ಮೇಲೆ ಕೈಯಿಟ್ಟು, 'ಇದು ಕೆಟ್ಟದ ತಮ್ಮಾ, ಮೇಸ್ತ್ರಿಗೆ ತೋರಿಸಿ ಆಮ್ಯಾಲ ರೊಕ್ಕ ಕೊಡು' ಅನ್ನಬೇಕಾಗುತ್ತದೆ.