ಕಾಯ ದಣಿದಾಗ ಕಾಯಕ

ಕಾಯಕವೆಂಬ ಪದದೊಳಗೇ ಕಾಯ, ಅಂದರೆ ದೇಹ, ಇರುವುದರಿಂದ, ದೇಹಬಲವನ್ನೇ ಬಂಡವಾಳವಾಗಿ ಉಳ್ಳ ವೃತ್ತಿ ಮುಗಿದ ಮೇಲೆ ಕಾಯಕದ ಗತಿಯೇನು ಎಂಬ ಪ್ರಶ್ನೆಯನ್ನು ಶರಣಧರ್ಮದ ಜಿಜ್ಞಾಸೆ ಎದುರಿಸಲೇಬೇಕು. ಒಕ್ಕಲಿಗನೂ ನೇಕಾರನೂ ಅರವತ್ತು ದಾಟಿದರೂ ತಮ್ಮ ಕೆಲಸದಲ್ಲಿ ತೊಡಗಿರಬಲ್ಲರು. ಆದರೆ ಫುಟ್‌ಬಾಲಿನ ಸ್ಟ್ರೈಕರ್, ಅಂದರೆ ಎದುರಾಳಿಯ ಗೋಲಿಗೆ ಅತಿ ಸಮೀಪದಲ್ಲಿ ಆಡಿ ಗೋಲು ಹೊಡೆಯುವ ಹೊಣೆ ಹೊತ್ತವನು, ಬಹುಮಟ್ಟಿಗೆ ನಡುವಯಸ್ಸಿಗೆ ಮೊದಲೇ ಅಂಗಳ ಬಿಡಬೇಕಾಗುತ್ತದೆ.

ಬೆಂಗಳೂರು ಎಫ್‌ಸಿಯ ನಾಯಕರಾಗಿ ಕನ್ನಡಿಗರಿಗೆ ಆಪ್ತರಾದ ಸುನಿಲ್ ಚೆಟ್ರಿ ಅಂಥ ಒಬ್ಬ ಸ್ಟ್ರೈಕರ್. ಅವರು 151 ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 94 ಗೋಲು ಗಳಿಸಿ, 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಗೋಲಿಲ್ಲದೆ ಮುಗಿದ ಪಂದ್ಯದೊಂದಿಗೆ ರಾಷ್ಟ್ರೀಯ ತಂಡಕ್ಕೆ ವಿದಾಯ ಹೇಳಿದರು. ಆ ವರ್ಷವಿಡೀ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ತಂಡದ ಕರೆಗೆ ಓಗೊಟ್ಟು ನಲವತ್ತರ ವಯಸ್ಸಿನಲ್ಲಿ ಮರಳಿದ ಅವರು 2025ರ ಮಾರ್ಚ್ 19ರಂದು ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ವಿರುದ್ಧದ 3–0 ಗೆಲುವಿನಲ್ಲಿ 95ನೆಯ ಗೋಲು ಹೊಡೆದರು.

ಬಿಟ್ಟದ್ದನ್ನು ಮತ್ತೆ ಹಿಡಿಯುವುದು ಸರಿಯೇ? ಸನ್ಯಾಸ ಸ್ವೀಕರಿಸಿ ಗೃಹಸ್ಥಾಶ್ರಮಕ್ಕೆ ಮರಳಿದವನನ್ನು ಧರ್ಮಶಾಸ್ತ್ರವು ಆರೂಢಪತಿತ, ಅಂದರೆ ಏರಿ ಬಿದ್ದವನು, ಎಂದು ಕಠೋರವಾಗಿ ಕಾಣುತ್ತದೆಯಾದರೂ ಆ ಅಳತೆ ಆಟಗಾರನಿಗೆ ಸಲ್ಲದು, ಏಕೆಂದರೆ ನಿವೃತ್ತಿ ವ್ರತವಲ್ಲ. ಭಗವದ್ಗೀತೆಯ 18ನೆಯ ಅಧ್ಯಾಯವು ಕಾಮ್ಯಕರ್ಮವನ್ನು, ಅಂದರೆ ಫಲದಾಸೆಯಿಂದ ಮಾಡುವ ಕರ್ಮವನ್ನು, ಬಿಡುವ ಸನ್ಯಾಸವನ್ನೂ ಕರ್ಮಫಲವನ್ನು ಬಿಡುವ ತ್ಯಾಗವನ್ನೂ ಬೇರೆಯಾಗಿ ವಿವರಿಸುತ್ತದೆ. ಸ್ಟ್ರೈಕರ್‌ಗೆ ಕಷ್ಟವಾದದ್ದು ಎರಡನೆಯದು. ಚೆಂಡು ಹತ್ತು ಕಾಲುಗಳನ್ನು ದಾಟಿ ಬಂದಿದ್ದರೂ ಗೋಲು ಬರೆಯಲ್ಪಡುವುದು ಅವನೊಬ್ಬನ ಹೆಸರಿನಲ್ಲಿ.

ಬಿಟ್ಟು ಮರಳುವ ಈ ಪ್ರಶ್ನೆಗೆ ದೇವಲ ಗಾಣಗಾಪುರಕ್ಕೆ ಹೋಗುವ ಭಕ್ತರ ನಂಬಿಕೆಯಲ್ಲಿ ಒಂದು ಹೊಳಹು ಸಿಗುತ್ತದೆ. ದತ್ತ ಪರಂಪರೆಯ ಸನ್ಯಾಸಿ ನೃಸಿಂಹ ಸರಸ್ವತಿಗಳು ಶ್ರೀಶೈಲದತ್ತ ತೆರಳಿದರೂ ನಿರ್ಗುಣ ಪಾದುಕೆಗಳನ್ನು ಅಲ್ಲಿಯೇ ಇರಿಸಿದರೆಂದೂ, ಇಂದಿಗೂ ಮಧ್ಯಾಹ್ನದ ಭಿಕ್ಷೆಗೆ ಬರುತ್ತಾರೆಂದೂ ಭಕ್ತರು ನಂಬುತ್ತಾರೆ; ಸನ್ಯಾಸಿಯ ನಿರ್ಗಮನವೂ ಆಶ್ರಿತರ ಕೈ ಬಿಡುವುದಲ್ಲ ಎಂಬುದು ಆ ನಂಬಿಕೆಯ ತಿರುಳು. ಇದಕ್ಕೆ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಯಲ್ಲಿ ನೆಲೆಸಿದ ಶರಣಬಸವೇಶ್ವರರ ನಿದರ್ಶನವೂ ಜೊತೆಯಾಗುತ್ತದೆ: ಹೊಲದ ಬೆಳೆಯನ್ನು ಹಕ್ಕಿಗಳಿಗೂ ಬಿಟ್ಟುಕೊಟ್ಟರೆಂದು ಜನ ನೆನೆಯುವ ಅವರ ದಾಸೋಹ, ಅಂದರೆ ದುಡಿದದ್ದನ್ನು 'ನನ್ನದು' ಎನ್ನದೆ ಒಪ್ಪಿಸುವ ಧರ್ಮ, ಉಣ್ಣುವವರಿದ್ದಾಗಲೇ ಪೂರ್ಣಗೊಳ್ಳುವಂಥದು.

ಈ ದೃಷ್ಟಿಯಿಂದ ನೋಡಿದರೆ 2024ರ ವಿದಾಯದಲ್ಲಿ ಕೊಡುವವರಿದ್ದರು, ಗೋಲಿನ ಹೊಣೆಯನ್ನು ಕೈಯೊಡ್ಡಿ ಪಡೆದು ಹೊರುವವರು ಇನ್ನೂ ಸಿದ್ಧರಿರಲಿಲ್ಲ. ಆದ್ದರಿಂದ ಚೆಟ್ರಿಯವರ ಮರಳುವಿಕೆಯನ್ನು ಆಸೆಯೆಂದು ಹಳಿಯುವುದು ಅನ್ಯಾಯ, ಅದು ಬಾಕಿ ಉಳಿದ ದಾಸೋಹ. 2025ರ ಕೊನೆಯ ಹೊತ್ತಿಗೆ ಅವರು ಎರಡನೆಯ ಬಾರಿ ರಾಷ್ಟ್ರೀಯ ತಂಡದಿಂದ ಹಿಂದೆ ಸರಿದರು. ಗೋಲುಗಳ ಲೆಕ್ಕ 95ಕ್ಕೆ ನಿಂತಿತು.