ಶಾಲೆಯ ಸುಧಾರಣೆ ಮತ್ತು ಮುಖ್ಯಸ್ಥರ ಧರ್ಮ

ಶಾಲೆಯನ್ನು ಕಟ್ಟಿಸುವುದು ದಾನದಿಂದ ಆಗುವ ಕಾರ್ಯ. ಅದನ್ನು ತಿದ್ದುವುದು ಕೇವಲ ದಾನದಿಂದ ಆಗದು. ಕಟ್ಟಡಕ್ಕೆ ಹಣ ಬೇಕು, ಸುಧಾರಣೆಗೆ ಅಲ್ಲಿ ದುಡಿಯುವವರ ಮನಸ್ಸು ಬೇಕು. ಆದುದರಿಂದಲೇ ಶಾಲಾ ಮುಖ್ಯಸ್ಥರ ಮುಂದೆ ಒಂದು ನೈತಿಕ ಪ್ರಶ್ನೆ ಸದಾ ನಿಂತಿರುತ್ತದೆ: ಉದ್ದೇಶ ಒಳ್ಳೆಯದಾಗಿದ್ದರೆ ಬದಲಾವಣೆಯನ್ನು ಇತರರ ಮೇಲೆ ಹೇರಬಹುದೇ?

ಈ ಪ್ರಶ್ನೆಗೆ ಎರಡು ಮುಖಗಳಿವೆ. ಮೂರನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲಾರದ ಮಗುವಿಗೆ ಕಾಯಲು ಸಮಯವಿಲ್ಲ. ಹಿರಿಯರು ಚರ್ಚೆಯಲ್ಲಿ ಕಳೆದ ಒಂದು ವರ್ಷ ಆ ಮಗುವಿನ ಪಾಲಿಗೆ ಮರಳಿ ಬಾರದ ವರ್ಷ. ಇನ್ನೊಂದೆಡೆ, ಇಪ್ಪತ್ತು ವರ್ಷ ಪಾಠ ಹೇಳಿದ ಶಿಕ್ಷಕರಿಗೆ ಅವರ ಕ್ರಮವೇ ತಪ್ಪೆಂದು ಸುತ್ತೋಲೆ ಕಳುಹಿಸಿದರೆ ಆತ್ಮಗೌರವಕ್ಕೆ ಪೆಟ್ಟು ಬೀಳುತ್ತದೆ. ನೊಂದ ಮನಸ್ಸು ಆಜ್ಞೆಯನ್ನು ಪಾಲಿಸೀತು, ಒಪ್ಪಲಾರದು. ಆಗ ಸುಧಾರಣೆ ದಾಖಲೆಪುಸ್ತಕದಲ್ಲಿ ಉಳಿಯುತ್ತದೆಯೇ ಹೊರತು ತರಗತಿಯನ್ನು ಮುಟ್ಟುವುದಿಲ್ಲ.

ಕರ್ನಾಟಕದ ‘ನಲಿ-ಕಲಿ’ ಪ್ರಯೋಗ ಇಲ್ಲಿ ಸ್ಮರಣೀಯ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳಲ್ಲಿ ಅದು ಯುನಿಸೆಫ್ ನೆರವಿನಿಂದ ಆರಂಭವಾಯಿತು. ಶಿಕ್ಷಕರು ಆಂಧ್ರಪ್ರದೇಶದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ಕಣ್ಣಾರೆ ಕಂಡರು. ಮರಳಿ ಬಂದು ತಮ್ಮ ಮಕ್ಕಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು ತಾವೇ ರಚಿಸಿದರು. ಮಕ್ಕಳು ಗುಂಪುಗಳಲ್ಲಿ ಕುಳಿತು, ಕಲಿಕೆಯ ಏಣಿಯನ್ನು ತಮ್ಮ ತಮ್ಮ ವೇಗದಲ್ಲಿ ಏರತೊಡಗಿದರು. 2009-10ರಲ್ಲಿ ಈ ಕ್ರಮ ರಾಜ್ಯದ ಕನ್ನಡ ಮಾಧ್ಯಮ ಸರಕಾರಿ ಶಾಲೆಗಳ ಕೆಳತರಗತಿಗಳಿಗೆ ವಿಸ್ತರಿಸಿತು. ಮೊದಲಿನ ಶಿಕ್ಷಕರಿಗೆ ಅದು ಸ್ವಂತ ಕೈಯ ಕೃತಿ. ಅನಂತರದವರಿಗೆ ಇಲಾಖೆಯಿಂದ ಬಂದ ಆದೇಶ. ಕಾರ್ಡು ಒಂದೇ ಆದರೂ ಹಿಡಿದ ಕೈಯ ಭಾವ ಒಂದೇ ಆಗಿರಲಾರದು. ಮುಖ್ಯಸ್ಥರು ಅರಿಯಬೇಕಾದ ಸೂಕ್ಷ್ಮ ಇದೇ.

ಹಾಗಾದರೆ ಎಲ್ಲಕ್ಕೂ ಒಪ್ಪಿಗೆಗಾಗಿ ಕಾಯಬೇಕೇ? ಇಲ್ಲ. ಮಗುವಿಗೆ ಹಿಂಸೆಯಾಗುವಲ್ಲಿ ತಾಳ್ಮೆ ಸದ್ಗುಣವಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಕೆಳಗಿಡಲು ಯಾವ ಸಭೆಯ ಸಮ್ಮತಿಯೂ ಬೇಕಿಲ್ಲ. ಅದು ಇಂದೇ ಆಗತಕ್ಕದ್ದು. ಆದರೆ ಬೆತ್ತವಿಲ್ಲದೆ ತರಗತಿ ನಡೆಸುವ ಬಗೆಯನ್ನು ಜೊತೆಯಲ್ಲಿ ನಿಂತು ತೋರಿಸುವುದು, ತಪ್ಪಿದವರಿಗೆ ಮರಳಿ ಕಲಿಯಲು ಅವಕಾಶ ಕೊಡುವುದು ಮುಖ್ಯಸ್ಥರ ಕರ್ತವ್ಯ. ಮಗುವಿನ ಮೇಲಿಂದ ತೆಗೆದ ಭಯವನ್ನು ಶಿಕ್ಷಕರ ಮೇಲೆ ಹೊರಿಸಿದರೆ ಹಿಂಸೆ ಅಳಿಯಲಿಲ್ಲ, ಸ್ಥಳ ಬದಲಿಸಿತು ಅಷ್ಟೇ.

ಶಾಲೆಗಳನ್ನು ನಡೆಸುವ ಟ್ರಸ್ಟುಗಳಿಗೂ ಈ ಮಾತು ಸಲ್ಲುತ್ತದೆ. ಅನೇಕಾಂತವನ್ನು ಪ್ರವಚನದಲ್ಲಿ ಮೆಚ್ಚುವವರು ಆಡಳಿತ ಮಂಡಳಿಯ ಸಭೆಯಲ್ಲಿಯೂ ಅದನ್ನು ಆಚರಿಸಬೇಕಲ್ಲವೇ? ಪರೀಕ್ಷಾ ಫಲಿತಾಂಶದ ಶೇಕಡಾವಾರನ್ನು ಕೇಳುವ ಮೊದಲು, ಹಿಂದಿನ ಸಾಲಿನ ಮಗು ಈ ವರ್ಷ ಏನು ಕಲಿಯಿತು, ಅದಕ್ಕೆ ಕಲಿಸುವವರಿಗೆ ಏನು ಕೊರತೆಯಾಯಿತು ಎಂಬೆರಡು ಪ್ರಶ್ನೆಗಳನ್ನು ಕೇಳಲಿ. ಆ ಉತ್ತರಗಳನ್ನು ಸಮಾಧಾನದಿಂದ ಆಲಿಸುವಲ್ಲಿಯೇ ಶಾಲೆಯ ಸುಧಾರಣೆ ಆರಂಭವಾಗುತ್ತದೆ.