ಮುಚ್ಚುವವನು

ಟೀ ಅಂಗಡಿಯ ಜಗಳದಲ್ಲಿ ಒಬ್ಬ ಹುಡುಗ ನನ್ನನ್ನು 'ಕಾಫಿರ್' ಅಂದ. ಅರ್ಥ ಸರಿಯಾಗಿ ಗೊತ್ತಿರಲಿಲ್ಲ, ಬೈಗುಳ ಅಂತ ಮಾತ್ರ ಗೊತ್ತಾಯಿತು. ಮರುದಿನ ನಿಲಕ್ಕೋಟ್ಟೈ ಹೂವಿನ ಮಾರ್ಕೆಟ್ಟಿನಲ್ಲಿ ಮಲ್ಲಿಗೆ ತೂಕ ಮುಗಿದ ಮೇಲೆ ನಮ್ಮ ಕಮಿಷನ್ ಅಂಗಡಿಯ ಬಾಯ್ ಹತ್ತಿರ ಕೇಳಿದೆ. ಅವರು ಅರಬಿ ಓದಿದವರು. ಮಾತು ನಡೆದದ್ದು ತಮಿಳಿನಲ್ಲಿ. ಮನೆಗೆ ಬಂದು ನಮ್ಮ ಕನ್ನಡದಲ್ಲಿ ಬರೆದಿಟ್ಟೆ.

"ಮಲ್ಲಿಗೆ ಬಿಡಿ. ಜೋಳ ಬಿತ್ತಿದ ಮೇಲೆ ಏನ್ ಮಾಡ್ತೀರಿ?"

"ಮಣ್ಣು ಮುಚ್ತೀವಿ ಬಾಯ್."

"ಹಾಗೆ ಮುಚ್ಚೋನೇ ಕಾಫಿರ್."

ತಮಾಷೆ ಅಂದುಕೊಂಡೆ. ಅಲ್ಲ. ಆ ಮಾತಿನ ಬೇರಿಗೆ ಮುಚ್ಚು, ಮರೆಮಾಡು ಎಂದೇ ಅರ್ಥವಂತೆ. ಎಲ್ಲವನ್ನೂ ಕವಿಯುವ ರಾತ್ರಿಗೂ ಹಳೆಯ ಅರಬಿಯಲ್ಲಿ ಅದೇ ಹೆಸರು. ಕುರಾನಿನ 57ನೇ ಅಧ್ಯಾಯದ 20ನೇ ವಾಕ್ಯದಲ್ಲಿ ಮಳೆಗೆ ಬೆಳೆದ ಪೈರು ನೋಡಿ ಹಿಗ್ಗುವವರನ್ನು 'ಕುಫ್ಫಾರ್' ಎಂದಿದೆ. ಅಲ್ಲಿ ಬೇಸಾಯಗಾರರು ಎಂದು ಬಹಳ ಜನ ಪಂಡಿತರು ಅರ್ಥ ಹೇಳುತ್ತಾರೆ. 14ನೇ ಅಧ್ಯಾಯದ 7ನೇ ವಾಕ್ಯದಲ್ಲಿ ಈ ಬೇರಿನ ಮಾತು 'ಶುಕ್ರ್'ಗೆ, ಅಂದರೆ ಉಪಕಾರ ನೆನೆಯುವುದಕ್ಕೆ, ಎದುರಾಗಿ ನಿಂತಿದೆ. ಫರೋಹ ಮೂಸಾರನ್ನು 'ನೀನು ನಮ್ಮ ಮನೇಲಿ ಬೆಳೆದವನಲ್ಲವೇ' ಎಂದು ಹಂಗಿಸಿ ಕಾಫಿರ್ ಅನ್ನುತ್ತಾನೆ (26ನೇ ಅಧ್ಯಾಯ). ಉಂಡ ಮನೆಗೆ ಎರಡು ಬಗೆದವನು ಅಂತ ನಾವು ಬೈಯೋದಿಲ್ಲವೇ, ಹಾಗೆ.

ಬೇರು ತೋರಿಸಿದರೆ ಬೈಗುಳ ಸಿಹಿಯಾಗುವುದಿಲ್ಲ, ಅದನ್ನೂ ಹೇಳಬೇಕು. ಕುರಾನಿನಲ್ಲೇ ಬಹಳ ಕಡೆ ಅದಕ್ಕೆ ನಂಬದವನು ಎಂಬ ಅರ್ಥವಿದೆ. ಆ ಹುಡುಗ ಅಂದದ್ದೂ ಹಾಗೇ. ಬಾಯ್ ಇದನ್ನು ಒಪ್ಪಿದರು. "ಆದರೆ ತಿಳಿದೂ ತಿಳಿದೂ ಮುಚ್ಚಿಟ್ಟವನಿಗೆ ಮೊದಲು ಸಲ್ಲಬೇಕು. ಯಾರ ಎದೆಯಲ್ಲಿ ಏನು ಮುಚ್ಚಿದೆ ಅಂತ ಆ ಹುಡುಗನಿಗೇನು ಗೊತ್ತು?" ಅಂದರು.

ಹುಡುಗನಿಗೆ ಗೊತ್ತಿಲ್ಲ, ನನಗೆ ಗೊತ್ತಿತ್ತು. ಹಿಂದೊಮ್ಮೆ ಬಾವಿ ಬತ್ತಿದಾಗ ಆಳ ಮಾಡಿಸಲು ಮುಂಗಡ ಕೊಟ್ಟವರು ಇದೇ ಬಾಯ್. ದುಡ್ಡೇನೋ ತೀರಿಸಿದೆ. ಆದರೆ ಯಾರು ಕೇಳಿದರೂ 'ನನ್ನ ಕೈದುಡ್ಡಲ್ಲೇ ತೋಡಿಸಿದೆ' ಅಂತಲೇ ಹೇಳಿಕೊಂಡು ಬಂದಿದ್ದೆ. ಅವರ ಅಂಗಡಿ ಕಟ್ಟೆ ಮೇಲೆ ಕೂತೂ ಒಮ್ಮೆ ಹೇಳಿದ್ದೆ. ಅವರು ಆಗಲೂ ಸುಮ್ಮನಿದ್ದರು, ಈಗಲೂ ಅದನ್ನು ಎತ್ತಲಿಲ್ಲ. ಎರಡು ಟೀ ತರಿಸಿದರು. ಕಾಸು ಕೊಡಲು ಹೋದೆ, ಬಿಡಲಿಲ್ಲ.

ಪಕ್ಕದಲ್ಲಿ ತೂಕಕ್ಕೆ ಕಾದಿದ್ದ ನಮ್ಮೂರಿನವನೊಬ್ಬ, "ನಿಮ್ಮ ಬಾವೀಲಿ ಈ ಸಲ ನೀರು ಹೇಗಿದೆ?" ಅಂತ ಕೇಳಿದ. "ಇದೆ. ಈ ಬಾಯ್ ದುಡ್ಡು ಕೊಟ್ಟು ತೋಡಿಸಿದ್ದು" ಅಂದೆ.